ಕೇಳದೆ ಇಟ್ಟ ಪೆಟ್ಟಿಗೆ

ಗೇಟಿಗೆ ಹೊಸ ಬೀಗ ಬಿದ್ದಿತ್ತು. ಬೀಗದ ಪಕ್ಕದಲ್ಲೇ ಒಂದು ಹಲಗೆ. ಹಲಗೆಯ ಮೇಲಿನ ಬರಹವನ್ನು ರೊವೀನಾ ಕೋಕರ್ ಎರಡು ಸಲ ಓದಿದಳು. ಮೊದಲ ಸಲ ಅರ್ಥವಾಗಲಿಲ್ಲ ಅಂತಲ್ಲ. ಬಂದ ಸಿಟ್ಟು ಸಾಲಲಿಲ್ಲ, ಅದಕ್ಕೆ.

ಈ ಗೋಡೆಯೊಳಗಿನ ಹುಲ್ಲುಗಾವಲು ಖಾಸಗಿ ಆಸ್ತಿ. ಅಪ್ಪಣೆಯಿಲ್ಲದೆ ಬಂಡೆಗಳಡಿ ಇಟ್ಟಿರುವ ಪೆಟ್ಟಿಗೆಗಳನ್ನು ಈ ವಾರ ಕಳೆದ ಮೇಲೆ ಕಸವೆಂದು ತಿಳಿದು ತೆಗೆಸಲಾಗುವುದು. ಇಡಲು ಇಷ್ಟವಿರುವವರು ದೊಡ್ಡಮನೆಗೆ ಬಂದು ಕೇಳಬಹುದು. ಹಾಗಂತ ಚೆಂದದ ಅಕ್ಷರದಲ್ಲಿ ಬರೆಸಿದ್ದರು. ಆ ದಿನ ಶನಿವಾರ. ವಾರ ಕಳೆಯುವುದಕ್ಕೆ ಉಳಿದದ್ದು ಅದೊಂದೇ ಹಗಲು.

“ಕಸವಂತೆ,” ಅಂದಳು ರೊವೀನಾ.

ಜೊತೆಗಿದ್ದ ಆಡ್ರಿ ಹ್ಯಾನಫರ್ಡ್ ಆಕಾಶ ನೋಡಿ ಮಳೆಯಂಗಿಯ ಗುಂಡಿ ಹಾಕಿಕೊಂಡಳು. ಡಾರ್ಟ್‌ಮೂರ್ ಗುಡ್ಡಗಾಡಿನಲ್ಲಿ ಎಪ್ಪತ್ತು ವರ್ಷ ಬದುಕಿದ ಹೆಂಗಸು ಅವಳು. ಬಿಸಿಲು ಎಷ್ಟು ಚೆನ್ನಾಗಿದ್ದರೆ ಮುಂದೆ ಬರುವುದು ಅಷ್ಟು ಕೆಟ್ಟದ್ದು ಅನ್ನುವುದು ಅವಳ ಲೆಕ್ಕ. ಬಿಸಿಲು ಬಹಳ ಚೆನ್ನಾಗಿತ್ತು.

ಪೆಟ್ಟಿಗೆ ಅಂದರೆ ಏನು ದೊಡ್ಡದಲ್ಲ. ಊಟದ ಡಬ್ಬಿಯಷ್ಟಿರುತ್ತದೆ. ಒಳಗೆ ಒಂದು ರಬ್ಬರ್ ಮುದ್ರೆ, ಒಂದು ಪುಸ್ತಕ. ಇಟ್ಟವರು ಎಲ್ಲಿದೆಯೆಂದು ಬಾಯಿಬಿಟ್ಟು ಹೇಳುವುದಿಲ್ಲ. ಚರ್ಚಿನ ಗೋಪುರ ದಿಕ್ಸೂಚಿಯಲ್ಲಿ ಇಷ್ಟಕ್ಕೆ ಕಾಣಬೇಕು, ಇಂಥ ಗುಡ್ಡದ ತಲೆ ಇಷ್ಟಕ್ಕೆ ಕಾಣಬೇಕು, ಆಗ ನೀನು ನಿಂತ ಜಾಗದಲ್ಲಿ ಬಂಡೆಯಡಿ ಕೈಹಾಕು, ಅಷ್ಟೇ ಸುಳಿವು. ಹುಡುಕಿ ಬಂದವರು ಅಲ್ಲಿನ ಮುದ್ರೆಯನ್ನು ತಮ್ಮ ಪುಸ್ತಕದಲ್ಲಿ ಒತ್ತಿಕೊಂಡು, ತಮ್ಮ ಮುದ್ರೆಯನ್ನು ಅಲ್ಲಿನ ಪುಸ್ತಕದಲ್ಲಿ ಒತ್ತಿ, ಇದ್ದ ಹಾಗೇ ಇಟ್ಟು ಹೋಗಬೇಕು. ಬಹುಮಾನವಿಲ್ಲ, ಚಪ್ಪಾಳೆಯಿಲ್ಲ. ಇದಕ್ಕಾಗಿ ಜನ ಜೌಗಿನಲ್ಲಿ ಮೊಣಕಾಲಿನವರೆಗೆ ಇಳಿಯುತ್ತಾರೆ. ಹುಚ್ಚು ಅನ್ನುವವರು ಅನ್ನಲಿ. ಬೆಳಗಾದರೆ ದನ ತೊಳೆದ ಹಾಗೆ ಕಾರು ತೊಳೆಯುವುದು ಮಾತ್ರ ಬುದ್ಧಿವಂತಿಕೆಯೋ?

ರೊವೀನಾಳ ಪೆಟ್ಟಿಗೆ ಆ ಹುಲ್ಲುಗಾವಲಿನ ಮೇಲ್ತುದಿಯಲ್ಲಿ ಮೂವತ್ತು ವರ್ಷದಿಂದ ಇತ್ತು. ಅವಳು ಗಂಡ ಡೆನ್‌ಜಿಲ್‌ನನ್ನು ಬಿಟ್ಟು ಬಂದ ವಾರ ಇಟ್ಟದ್ದು. ಡೆನ್‌ಜಿಲ್ ಹೊಡೆಯುವವನಲ್ಲ, ಕುಡಿಯುವವನಲ್ಲ. ಅವನನ್ನು ಕೇಳಬೇಕಿತ್ತು, ಅಷ್ಟೆ. ಅಕ್ಕನ ಮನೆಗೆ ಹೋಗಲಾ, ಕಿಟಕಿ ತೆಗೆಯಲಾ, ಕೂದಲು ಕತ್ತರಿಸಿಕೊಳ್ಳಲಾ. ಕೇಳಿದರೆ ನಗುತ್ತಾ ಹೂಂ ಅನ್ನುತ್ತಿದ್ದ. ಹನ್ನೊಂದು ವರ್ಷ ಕೇಳಿ ಕೇಳಿ ಅವಳ ಗಂಟಲು ಒಣಗಿತು. ಒಂದು ದಿನ ಕೇಳದೆ ಬಾಗಿಲು ತೆರೆದು ಹೊರಟುಬಂದಳು. ಬಂದವಳು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಹಿಡಿದಳು, ತವರಿನ ಹೆಸರನ್ನು ವಾಪಸು ತಗೊಂಡಳು. ಒಂದು ರಬ್ಬರಿನಲ್ಲಿ ಕತ್ತು ಚಾಚಿ ಬೈಯುತ್ತಿರುವ ಹೆಬ್ಬಾತನ್ನು ಕೆತ್ತಿ, ಯಾರನ್ನೂ ಕೇಳದೆ ಹೋಗಿ ಬಂಡೆಯಡಿ ಇಟ್ಟಳು. ಆಗಿನ ರೈತ ಸೈಲಸ್ ಮುದುಕನಿಗೆ ಗೊತ್ತಾಯಿತು. ಅವನು ತಕರಾರು ಮಾಡಲಿಲ್ಲ, ಒಪ್ಪಿಗೆಯನ್ನೂ ಕೊಡಲಿಲ್ಲ. ಎದುರಿಗೆ ಸಿಕ್ಕಾಗ ನಿನ್ನ ಬಾತು ಮೊಟ್ಟೆ ಇಟ್ಟಿತಾ ಎಂದು ಕೇಳುತ್ತಿದ್ದ, ಅಷ್ಟೆ. ಅವನು ಸತ್ತ. ಜಮೀನು ಸ್ಟ್ಯಾಂಡಿಶ್ ಎಂಬ ಲಂಡನ್ನಿನ ಸಾಹೇಬನ ಕೈಸೇರಿತು. ಬೀಗ ಬಂತು, ಹಲಗೆ ಬಂತು.

ರೊವೀನಾ ಪ್ರತಿಸಲವೂ ಈ ಗೇಟಿನಿಂದ ಹೊಳೆಯ ದಂಡೆ ಹಿಡಿದು ಕಣ್ಣಂದಾಜಿನಲ್ಲೇ ಪೆಟ್ಟಿಗೆಯ ಹತ್ತಿರ ಹೋಗಿ, ಒದ್ದೆಯಾದ ಪುಸ್ತಕ ಬದಲಾಯಿಸಿ ಬರುತ್ತಿದ್ದಳು. ಈಗ ಗೇಟು ಮುಚ್ಚಿದೆ. ಹಾಗಾದರೆ ಗೋಮಾಳ ಸುತ್ತಿಕೊಂಡು ಮೇಲಿನಿಂದ ಇಳಿಯಬೇಕು. ಗೋಮಾಳದಲ್ಲಿ ಕಾಲ್ನಡಿಗೆಗೆ ಕಾನೂನೇ ಹಕ್ಕು ಕೊಟ್ಟಿದೆ, ಅಲ್ಲಿ ಯಾವ ಸಾಹೇಬನೂ ಬಾಯಿ ತೆರೆಯುವ ಹಾಗಿಲ್ಲ. ಮೇಲ್ತುದಿಯಲ್ಲಿ ಗೋಡೆ ಅಲ್ಲಲ್ಲಿ ಕುಸಿದಿದೆ, ದಾಟಬಹುದು.

ದಾಟಿ ಏನು ಮಾಡುತ್ತೀಯ ಎಂದು ಆಡ್ರಿ ದಾರಿಯಲ್ಲಿ ಕೇಳಿದಳು. ಪೆಟ್ಟಿಗೆಯನ್ನು ಮನೆಗೆ ತರುತ್ತೀಯಾ ಅಂತ. ರೊವೀನಾ ಇಲ್ಲವೆಂದು ತಲೆಯಲ್ಲಾಡಿಸಿದಳು. ಹಾಗಾದರೆ ಅಲ್ಲೇ ಬಿಡುತ್ತೀಯಾ, ನಾಳೆ ಸಾಹೇಬನ ಆಳು ಕ್ಲೈವ್ ಬಂದು ಚೀಲಕ್ಕೆ ಹಾಕಿಕೊಂಡು ಹೋಗುತ್ತಾನಲ್ಲ? ಅದಕ್ಕೂ ತಲೆಯಲ್ಲಾಡಿಸಿದಳು. ಏನು ಮಾಡಬೇಕೆಂದು ಅವಳಿಗೇ ಗೊತ್ತಿರಲಿಲ್ಲ. ಗೊತ್ತಿಲ್ಲದಾಗ ಅವಳು ಜೋರಾಗಿ ನಡೆಯುತ್ತಾಳೆ. ಆಡ್ರಿ ಹಿಂದೆ ಏದುಸಿರು ಬಿಡುತ್ತಾ, ನಾನೇನು ಕುದುರೆಮರಿಯಾ ಮಾರಾಯ್ತಿ ಎಂದು ಗೊಣಗಿದಳು.

ಅರ್ಧ ಗುಡ್ಡ ಹತ್ತುವಷ್ಟರಲ್ಲಿ ಬಿಸಿಲಿನ ನಡುವೆಯೇ ಆಲಿಕಲ್ಲು ಸುರಿಯಿತು. ಕುರಿಗಳು ಬೆನ್ನು ತಿರುಗಿಸಿ ನಿಂತವು. ಇವರಿಬ್ಬರು ಗೋಡೆಯ ಮರೆಗೆ ಓಡಿ, ಒಂದೇ ಪ್ಲಾಸ್ಟಿಕ್ ಹೊದಿಕೆಯೊಳಗೆ ತಲೆ ತೂರಿಸಿ ಕುಳಿತರು. ಆಡ್ರಿ ಚೀಲದಿಂದ ಕಡುಬಿನಂಥ ಪೇಸ್ಟಿ ತೆಗೆದಳು. ಒಳಗಿನ ಮಾಂಸ, ಆಲೂಗಡ್ಡೆ ಇನ್ನೂ ಬೆಚ್ಚಗಿದ್ದವು. ಒಂದು ತುತ್ತು ತಿಂದು, ಇನ್ನೊಂದು ತುತ್ತು ತಿಂದು, ಆಮೇಲೆ ಆಡ್ರಿ ಹೇಳಬೇಕಾದದ್ದನ್ನು ಹೇಳಿದಳು.

“ನಾನು ಅವನ ಹತ್ರ ಮಾತಾಡ್ದೆ ಕಣೇ.”

“ಯಾರ ಹತ್ರ?”

“ಸ್ಟ್ಯಾಂಡಿಶ್ ಹತ್ರ. ಚರ್ಚಲ್ಲಿ ಸಿಕ್ಕಿದ್ದ. ಒಳ್ಳೆಯವನೇ ರೋವಿ, ನೀನು ಅಂದ್ಕೊಂಡ ಹಾಗಿಲ್ಲ. ಬಾತಿನ ಪೆಟ್ಟಿಗೆ ವಿಷಯ ಹೇಳ್ದೆ. ನಕ್ಕ. ಆಕೆ ಬಂದು ಒಂದು ಮಾತು ಕೇಳ್ಲಿ, ಖಂಡಿತ ಇರಲಿ ಅಂತೀನಿ ಅಂದ.”

ರೊವೀನಾ ಪೇಸ್ಟಿ ಕೆಳಗಿಟ್ಟಳು. ಅವಳು ಊಟ ಕೆಳಗಿಟ್ಟದ್ದನ್ನು ಆಡ್ರಿ ನೋಡಿದ್ದು ಕಡಿಮೆ.

“ನಕ್ಕನಾ?”

“ಹೂಂ.”

“ನಗ್ತಾ ಹೂಂ ಅಂತಾನೆ. ಅಷ್ಟೆ ತಾನೇ?”

“ಒಂದು ಮಾತು ಕಣೇ. ಬಾಗಿಲು ತಟ್ಟಿ, ಇರಲಾ ಅಂದ್ರೆ ಮುಗೀತು. ನಿನ್ನ ಹೆಬ್ಬಾತು ಇನ್ನೂ ಮೂವತ್ತು ವರ್ಷ ಅಲ್ಲೇ ಇರತ್ತೆ. ನಿನ್ನ ನಾಲಿಗೆ ಸವೆಯತ್ತಾ?”

“ಸವೆದಿದೆ,” ಅಂದಳು ರೊವೀನಾ. “ಹನ್ನೊಂದು ವರ್ಷ ಸವೆಸಿದೀನಿ. ಉಳಿದಿರೋದು ಊಟಕ್ಕೆ ಬೇಕು.”

ಆಡ್ರಿಯ ಗಂಡ ಒಳ್ಳೆಯವನಾಗಿದ್ದ. ಅವಳಿಗೆ ಇದು ಅರ್ಥವಾಗುವುದು ಕಷ್ಟ. ಆದರೂ ಸಿಟ್ಟು ಮಾಡಿಕೊಳ್ಳದೆ, ಕೆಳಗಿಟ್ಟ ಪೇಸ್ಟಿಯ ಮೇಲೆ ಬಿದ್ದ ಆಲಿಕಲ್ಲನ್ನು ಬೆರಳಿನಿಂದ ಚಿಮ್ಮಿ ಗೆಳತಿಯ ಕೈಗೆ ವಾಪಸು ಕೊಟ್ಟಳು.

ಆಲಿಕಲ್ಲು ನಿಂತಿತು. ಗೋಡೆಯ ಕುಸಿದ ಜಾಗದಲ್ಲಿ ಇಬ್ಬರೂ ಒಳಗಿಳಿದರು. ಇಳಿದು ಸ್ವಲ್ಪ ದೂರ ಹೋಗಿದ್ದರಷ್ಟೆ, ಮಂಜು ಬಂತು. ಡಾರ್ಟ್‌ಮೂರಿನ ಮಂಜು ಹೇಳಿ ಕೇಳಿ ಬರುವುದಿಲ್ಲ. ಕಾಲ ಕೆಳಗಿನ ಹುಲ್ಲು ಕಂಡರೆ ಪುಣ್ಯ. ರೊವೀನಾ ತನ್ನದೇ ಸುಳಿವಿನ ಚೀಟಿಯನ್ನು ತೆಗೆದು, ದಿಕ್ಸೂಚಿಯನ್ನು ಅಂಗೈಯಲ್ಲಿಟ್ಟುಕೊಂಡು ನಿಂತಳು. ಎರಡೇ ಗುರುತು ಬೇಕಿದ್ದದ್ದು, ವೆಲ್‌ಸ್ಟೋ ಊರಿನ ಚರ್ಚಿನ ಗೋಪುರ ಮತ್ತು ಗ್ರಿಂಬಲ್ ಗುಡ್ಡದ ನೆತ್ತಿಯ ಕಲ್ಲುರಾಶಿ. ಮಂಜು ಕಿಟಕಿ ತೆರೆದ ಹಾಗೆ ಒಂದು ಕ್ಷಣ ಸರಿದಾಗ ಗೋಪುರ ಕಾಣುತ್ತಿತ್ತು, ಮುಚ್ಚಿಕೊಳ್ಳುತ್ತಿತ್ತು. ಇನ್ನೊಂದು ಕ್ಷಣ ಗ್ರಿಂಬಲ್. ಅವಳು ಸೂಜಿ ನೋಡಿ ಇನ್ನೂ ಎಡಕ್ಕೆ ಅನ್ನುವಳು, ನಾಲ್ಕು ಹೆಜ್ಜೆ ನಡೆಯುವಳು, ಮತ್ತೆ ಕಾಯುವಳು. ಕಾಯುವಾಗ ಆಡ್ರಿ ಫ್ಲಾಸ್ಕಿನ ಚಹಾ ಕೊಡುವಳು. ಹೀಗೆ ಕುಡಿಯುತ್ತಾ, ಕಾಯುತ್ತಾ, ಎಡಕ್ಕೆ ಎಡಕ್ಕೆ ಸರಿಯುತ್ತಾ, ಹುಲ್ಲಿನಲ್ಲಿ ಹೂತ ಕಲ್ಲುಗಳ ಒಂದು ಸಾಲಿನ ಮೇಲೆ ಎಡವಿ ದಾಟಿ, ಕೊನೆಗೆ ಎರಡೂ ಗುರುತು ಚೀಟಿಯಲ್ಲಿ ಬರೆದ ಹಾಗೇ ಕೂದಲೆಳೆಯಷ್ಟೂ ತಪ್ಪದೆ ಕೂತವು.

ಇಲ್ಲೇ, ಅಂದಳು ರೊವೀನಾ.

ಚಪ್ಪಟೆ ಬಂಡೆಯೊಂದಿತ್ತು. ಕೈಹಾಕಿದಳು. ಕೆಸರು, ಒಂದು ಕಪ್ಪೆ. ಪಕ್ಕದ ಬಂಡೆ, ಬರೀ ಕುರಿಯ ಎಲುಬು. ಮೊಣಕಾಲೂರಿ, ಹೊಟ್ಟೆಯ ಮೇಲೆ ಮಲಗಿ, ತೋಳು ಭುಜದವರೆಗೆ ತೂರಿಸಿ ಸುತ್ತಲಿನ ಬಂಡೆಗಳನ್ನೆಲ್ಲ ತಡಕಿದಳು. ಆಡ್ರಿ ಕೋಲಿನಿಂದ ಹೆದರ್ ಪೊದೆಗಳನ್ನು ಬಗ್ಗಿಸಿ ನೋಡಿದಳು. ಪೆಟ್ಟಿಗೆ ಇರಲಿಲ್ಲ.

ರೊವೀನಾ ಎದ್ದು ನಿಂತಾಗ ಅವಳ ಮುಖ ಬೆಂಕಿಯಾಗಿತ್ತು. ವಾರ ಕಳೆಯುವ ತನಕವೂ ಕಾಯಲಿಲ್ಲ ನೋಡು, ಅಂದಳು. ಹಲಗೆಯಲ್ಲಿ ಬರೆದ ಮಾತಿಗೂ ನಿಲ್ಲದ ಜನ. ಕ್ಲೈವ್ ಲೀಮನ್‌ನನ್ನು ಕಳಿಸಿ ಎತ್ತಿಸಿದ್ದಾರೆ. ಆ ಕ್ಲೈವ್‌ಗೆ ನಾನು ಆರು ವರ್ಷ ಮಧ್ಯಾಹ್ನ ಊಟ ಬಡಿಸಿದ್ದೀನಿ, ಎರಡನೇ ಸಲ ಪಾಯಸಕ್ಕೆ ಬಂದಾಗ ಒಂದು ದಿನವೂ ಇಲ್ಲ ಅಂದವಳಲ್ಲ.

ಮಂಜಿನೊಳಗಿಂದ ಕೆಮ್ಮಿದ ಸದ್ದಾಯಿತು. ಬೇರೆ ದಿನವಾಗಿದ್ದರೆ ಇಬ್ಬರೂ ತಟ್ಟನೆ ಬಂಡೆಯ ಮೇಲೆ ಕುಳಿತು ಬೂಟಿನ ದಾರ ಕಟ್ಟುತ್ತಿದ್ದರು. ಅಪರಿಚಿತರ ಕಣ್ಣೆದುರು ಪೆಟ್ಟಿಗೆ ಹುಡುಕಬಾರದು, ಅದು ಈ ಜನರ ಮರ್ಯಾದೆ. ರೊವೀನಾ ಕುಳಿತುಕೊಳ್ಳಲಿಲ್ಲ. ಬಂದವನು ಕ್ಲೈವೇ. ನಲವತ್ತರ ದಪ್ಪ ಮನುಷ್ಯ, ಹೊಸ ಧಣಿಯ ಜಮೀನು ಕಾಯುವವನು, ಹಿಂದೆ ಒದ್ದೆ ನಾಯಿ.

“ಬಾರಪ್ಪ ಕಳ್ಳ,” ಅಂದಳು ರೊವೀನಾ. “ಎಲ್ಲಿಟ್ಟಿದೀಯ ನನ್ನ ಪೆಟ್ಟಿಗೆ? ಕಸದ ಚೀಲದಲ್ಲೋ, ನಿನ್ನ ಧಣಿ ಮೇಜಿನ ಮೇಲೋ?”

ಕ್ಲೈವ್ ಟೋಪಿ ತೆಗೆದ. ಶಾಲೆಯ ಊಟದ ಸಾಲಿನಲ್ಲಿ ನಿಂತಾಗ ಕಲಿತ ಅಭ್ಯಾಸ ಬಿಟ್ಟಿರಲಿಲ್ಲ.

“ಮುಟ್ಟಿಲ್ಲ ಮಿಸ್.”

“ಸುಳ್ಳು ಬೇರೆ.”

“ಮುಟ್ಟಿಲ್ಲ ಅಂದ್ನಲ್ಲ.” ಅವನ ದನಿಯೂ ಬಿಸಿಯಾಯಿತು. “ನಾಳೆ ತನಕ ಸಮಯ ಇದೆ ಅಂತ ಬರ್ದಿದೆ, ಹಾಗಾದ್ರೆ ನಾಳೆ ತನಕ ನಾನು ಕೈ ಹಾಕಲ್ಲ. ಯಾರದೋ ಸಂಬಳ ತಿಂತೀನಿ, ನಿಜ. ಕಳ್ಳ ಅನ್ನಿಸ್ಕೊಳ್ಳೋಕೆ ಬಂದಿಲ್ಲ. ಈ ಮಂಜಲ್ಲಿ ಇಬ್ರು ಹೆಂಗಸ್ರು ದಾರಿ ತಪ್ಪಿದಾರೆ ಅಂತ ಬಂದೆ.”

“ದಾರಿ ನಂಗೆ ತಪ್ಪಲ್ಲ. ಇದು ನನ್ನ ಜಾಗ. ನೀನು ಓಡಿಸೋಕೆ ಬಂದಿದ್ರೆ ಓಡ್ಸು ನೋಡೋಣ.”

“ಇಲ್ಲಿಂದ ಓಡ್ಸೋಕೆ ನಂಗೆ ಅಧಿಕಾರ ಎಲ್ಲಿದೆ ಮಿಸ್? ನೀವು ನಿಂತಿರೋದು ಗೋಮಾಳದಲ್ಲಿ. ನಮ್ಮ ಗೋಡೆ ನಿಮ್ಮ ಬೆನ್ನ ಹಿಂದೆ ಇದೆ.”

ರೊವೀನಾ ತಿರುಗಿ ನೋಡಿದಳು. ಮಂಜು ತೆಳ್ಳಗಾಗುತ್ತಿತ್ತು. ಅವಳು ಎಡವಿ ದಾಟಿದ ಕಲ್ಲುಸಾಲು ಹುಲ್ಲಿನೊಳಗಿಂದ ಮೇಲೇಳುತ್ತಾ, ದೂರ ಹೋದಂತೆ ಎದೆಯೆತ್ತರದ ಗೋಡೆಯಾಗಿ ನಿಂತಿತ್ತು. ಅವಳು ಗೋಡೆಯ ಹೊರಗಿದ್ದಳು. ಪೆಟ್ಟಿಗೆ ಇದ್ದದ್ದು ಗೋಡೆಯ ಒಳಗೆ. ಅವಳು ಚೀಟಿ ನೋಡಿದಳು, ಸೂಜಿ ನೋಡಿದಳು, ಗೋಪುರ ನೋಡಿದಳು. ಎಲ್ಲ ಸರಿಯಾಗಿಯೇ ಇತ್ತು.

“ಕಲ್ಲೇ ನಡ್ಕೊಂಡು ಹೋಯ್ತೋ ಏನೋ,” ಅಂದಳು, ಸೋಲೊಪ್ಪದೆ.

ಆಡ್ರಿ ಮೆಲ್ಲಗೆ ಕೇಳಿದಳು. “ರೋವಿ, ಈ ಸುಳಿವು ನೀನು ಬರ್ದಿದ್ದು ಯಾವಾಗ?”

ಆಗ ರೊವೀನಾ ಚೀಟಿಯ ಮೂಲೆಯಲ್ಲಿ ಬರೆದಿದ್ದ ವರ್ಷ ನೋಡಿದಳು.

ದಿಕ್ಸೂಚಿಯ ಉತ್ತರ ನಿಂತಲ್ಲಿ ನಿಲ್ಲುವುದಿಲ್ಲ, ವರ್ಷದಿಂದ ವರ್ಷಕ್ಕೆ ಚೂರುಚೂರೇ ಸರಿಯುತ್ತದೆ. ಹಳೆಯ ಸುಳಿವು ಹಿಡಿದು ಹೊರಟರೆ, ಅದನ್ನು ಬರೆದ ವರ್ಷ ನೋಡಿ, ಸರಿದಷ್ಟನ್ನು ಲೆಕ್ಕ ಹಾಕಿ ತಿದ್ದಿಕೊಳ್ಳಬೇಕು. ಪೆಟ್ಟಿಗೆ ಹುಡುಕುವ ಪ್ರತಿಯೊಬ್ಬರಿಗೂ ಗೊತ್ತು. ಹೊಸಬರು ಮರೆತರೆ ಹೋಟೆಲಿನಲ್ಲಿ ಎಲ್ಲರ ಮುಂದೆ ಅವರ ಕಿವಿ ಹಿಂಡುತ್ತಿದ್ದವಳು ಇದೇ ರೊವೀನಾ. ಬೇರೆಯವರ ಸುಳಿವನ್ನೆಲ್ಲ ತಿದ್ದಿಕೊಂಡೇ ನಡೆದವಳು. ತನ್ನದೂ ಹಳೆಯದಾಗಿದೆ ಅನ್ನುವುದು ಮಾತ್ರ ಅವಳ ತಲೆಗೆ ಹೊಳೆದಿರಲಿಲ್ಲ. ತಾನು ಗಂಡನನ್ನು ಬಿಟ್ಟದ್ದು ಮೊನ್ನೆ ತಾನೇ!

ಆಡ್ರಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ, ಬಂಡೆಯ ಮೇಲೆ ಕುಳಿತು ಕಣ್ಣೊರೆಸಿಕೊಂಡಳು. ರೊವೀನಾ ನಗಲಿಲ್ಲ. ಕ್ಲೈವ್‌ನ ಕಡೆ ತಿರುಗಿದಳು. ಕ್ಷಮೆ ಕೇಳುವುದೂ ಕೇಳುವುದೇ. ಅದೂ ಅವಳಿಗೆ ಬಾರದು. ಆದರೆ ಮಾಡದ ತಪ್ಪಿಗೆ ಕಳ್ಳ ಅಂದದ್ದನ್ನು ಹಾಗೇ ಬಿಟ್ಟುಹೋಗುವಷ್ಟು ಕೆಟ್ಟವಳೂ ಅಲ್ಲ.

“ಅಂದಿದ್ದನ್ನ ವಾಪಸು ತಗೊಂಡೆ,” ಅಂದಳು. “ನೀನು ಕಳ್ಳ ಅಲ್ಲ. ನಾನು ಕತ್ತೆ. ಇದು ತಿನ್ನು.” ಉಳಿದಿದ್ದ ಪೇಸ್ಟಿಯನ್ನು ಅವನ ಕೈಗೆ ತುರುಕಿದಳು.

ಅವನು ನಿಂತಲ್ಲೇ ತಿಂದ. ತಿನ್ನುತ್ತಾ ತನ್ನ ಕಷ್ಟವನ್ನೂ ಹೇಳಿಕೊಂಡ. ಸೋಮವಾರ ಧಣಿ ಒಳಗೆ ಏನಾದರೂ ಉಳಿದಿದೆಯಾ ಎಂದು ಕೇಳುತ್ತಾನೆ. ಅವನಿಗೆ ಸುಳ್ಳು ಹೇಳಲಾರೆ. ನೀವು ಹೋಗಿ ಒಂದು ಮಾತು ಕೇಳಿಬಿಟ್ಟರೆ ನನಗೂ ನೆಮ್ಮದಿ. ಆಡ್ರಿ ಹೌದೆಂದು ತಲೆಯಾಡಿಸಿದಳು. ಇಬ್ಬರೂ ರೊವೀನಾಳ ಮುಖ ನೋಡಿದರು.

ಅವಳು ಚೀಟಿಯ ಲೆಕ್ಕವನ್ನು ಮನಸ್ಸಿನಲ್ಲೇ ತಿದ್ದಿಕೊಂಡು, ಕಲ್ಲುಸಾಲು ದಾಟಿ ಒಳಗೆ ನಡೆದಳು. ಕ್ಲೈವ್ ಗೋಡೆಗೆ ಒರಗಿ ಬೇಕೆಂದೇ ಬೆನ್ನು ತಿರುಗಿಸಿ ನಾಯಿಯ ಕಿವಿಯಲ್ಲಿ ಉಣ್ಣಿ ಹುಡುಕತೊಡಗಿದ. ಗಾಳಿ ಎದ್ದು ಮಂಜನ್ನು ಚಾಪೆ ಸುತ್ತಿದ ಹಾಗೆ ಸುತ್ತಿ ಎಳೆದುಕೊಂಡು ಹೋಯಿತು. ಬಿಸಿಲು ಬಿದ್ದದ್ದೇ ತಡ, ಆ ಬಂಡೆಯ ಬೆನ್ನು ಅವಳಿಗೆ ದೂರದಿಂದಲೇ ಗುರುತು ಸಿಕ್ಕಿತು. ಕೈಹಾಕಿದಳು. ಪೆಟ್ಟಿಗೆ ಇತ್ತು.

ಮುಚ್ಚಳ ತೆಗೆದು ನೋಡಿದಳು. ಹೆಬ್ಬಾತಿನ ಕತ್ತು ಸವೆದಿತ್ತು, ಕೊಕ್ಕು ಇನ್ನೂ ತೆರೆದೇ ಇತ್ತು. ಪುಸ್ತಕದ ಹಾಳೆಗಳಲ್ಲಿ ಯಾರು ಯಾರದೋ ಮುದ್ರೆಗಳು: ಒಂದು ಬೂಟು, ಒಂದು ಮೀನು, ಒಂದು ಉರಿಯುವ ದೀಪ. ಒಬ್ಬರೂ ಅಪ್ಪಣೆ ಕೇಳಿ ಬಂದವರಲ್ಲ. ಅವಳು ಸ್ವಲ್ಪ ಹೊತ್ತು ಅಲ್ಲೇ ಮೊಣಕಾಲೂರಿ ಕುಳಿತಳು. ಇಲ್ಲೇ ಬಿಟ್ಟರೆ ನಾಳೆ ಕಸ. ಮನೆಗೆ ಒಯ್ದರೆ ಬೀರುವಿನಲ್ಲಿ ಹೆಣ. ದೊಡ್ಡಮನೆಯ ಬಾಗಿಲು ತಟ್ಟಿದರೆ ಅವನು ನಗುತ್ತಾನೆ, ಹೂಂ ಅನ್ನುತ್ತಾನೆ, ಅವತ್ತಿನಿಂದ ಇದು ಅವನು ಇರಗೊಟ್ಟ ಪೆಟ್ಟಿಗೆ. ಬಂಡೆ ಅವನದಿರಬಹುದು. ಹೆಬ್ಬಾತು ಅವನದಲ್ಲ.

ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಎದ್ದಳು. ಬಂದ ದಾರಿಯಲ್ಲೇ ಕಲ್ಲುಸಾಲು ದಾಟಿದಳು. ಆಡ್ರಿ ಕುಳಿತಿದ್ದ ಚಪ್ಪಟೆ ಬಂಡೆಯ ಮುಂದೆ ನಿಂತು, ಏಳು ಅಂದಳು.

“ಯಾಕೆ?”

“ನೀನು ನನ್ನ ಬಾತಿನ ಮನೆ ಮೇಲೆ ಕೂತಿದೀಯ.”

ಕಪ್ಪೆಯನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕದ ಬಂಡೆಯಡಿಗೆ ಬಿಟ್ಟಳು. ಕೆಸರು ಬಗೆದು ಸಣ್ಣ ಕಲ್ಲುಗಳ ನೆಲ ಹಾಸಿದಳು. ಪೆಟ್ಟಿಗೆಯನ್ನು ಒಳಗೆ ತಳ್ಳಿ, ಬಾಯಿಗೆ ಒಂದು ಕಲ್ಲು ಮುಚ್ಚಿ, ಹುಲ್ಲು ಸರಿಮಾಡಿದಳು. ಆಮೇಲೆ ದಿಕ್ಸೂಚಿ ತೆಗೆದು ಇನ್ನೊಮ್ಮೆ ನೋಡಿದಳು. ಗೋಪುರ, ಬರೆದ ಹಾಗೇ. ಗ್ರಿಂಬಲ್, ಬರೆದ ಹಾಗೇ. ಚೀಟಿಯಲ್ಲಿ ಒಂದಕ್ಷರವನ್ನೂ ಬದಲಾಯಿಸಬೇಕಿಲ್ಲ, ವರ್ಷವೊಂದನ್ನು ಬಿಟ್ಟು. ಪೆನ್ಸಿಲ್ ನಾಲಿಗೆಗೆ ತಾಗಿಸಿ ಹಳೆಯ ವರ್ಷ ಹೊಡೆದುಹಾಕಿ ಈ ವರ್ಷ ಬರೆದಳು.

ಕ್ಲೈವ್ ಬೆನ್ನು ತಿರುಗಿಸಿಕೊಂಡೇ ಕೇಳಿದ, ಸೋಮವಾರ ಧಣಿಗೆ ಏನು ಹೇಳಲಿ ಎಂದು.

“ಒಳಗೆ ಏನೂ ಇಲ್ಲ ಅನ್ನು. ಸತ್ಯ ತಾನೇ? ಆಮೇಲೆ ಅವನ ಕಿಟಕಿ ಇಲ್ಲಿಗೆ ಕಾಣ್ಸತ್ತಾ?”

ಕಾಣಿಸುತ್ತಿತ್ತು. ಇಳಿಜಾರಿನ ಕೆಳಗೆ ದೊಡ್ಡಮನೆಯ ಹೊಸ ಗಾಜಿನ ಗೋಡೆ ಬಿಸಿಲಿಗೆ ಮಿಂಚುತ್ತಿತ್ತು. ಗುಡ್ಡ ನೋಡುತ್ತಾ ಕಾಫಿ ಕುಡಿಯಲೆಂದೇ ಕಟ್ಟಿಸಿದ್ದಾರೆ ಅಂದ ಕ್ಲೈವ್. ಪ್ರತಿ ಭಾನುವಾರ ಕೂರುತ್ತಾರೆ.

“ಕೂರ್ಲಿ,” ಅಂದಳು ರೊವೀನಾ. “ಪ್ರತಿ ಭಾನುವಾರ ಜನ ಬಂದು ಅವನ ಗೋಡೆ ಪಕ್ಕದಲ್ಲೇ ಹೊಟ್ಟೆ ಮೇಲೆ ಮಲ್ಕೋತಾರೆ. ಮಳೆಯಲ್ಲೂ ಬರ್ತಾರೆ. ಇಷ್ಟ ಇಲ್ದಿದ್ರೆ ಬಂದು ನನ್ನ ಕೇಳ್ಲಿ.”

ಕ್ಲೈವ್‌ನ ಭುಜಗಳು ಕುಲುಕಿದವು. ನಾಯಿಗೆ ಸೀಟಿ ಹೊಡೆದು, ಟೋಪಿ ಹಾಕಿಕೊಂಡು ಇಳಿದುಹೋದ.

ಗ್ರಿಂಬಲ್‌ನ ಹಿಂದಿನಿಂದ ಮತ್ತೆ ಕಪ್ಪು ಮೋಡ ಎದ್ದಿತ್ತು. ಹೊರಡೋಣ ಅಂದಳು ರೊವೀನಾ. ಆಡ್ರಿ ಹೊರಡಲಿಲ್ಲ. ಒದ್ದೆ ನೆಲದ ಮೇಲೆ ಮೊಣಕಾಲೂರಿ, ಮುಚ್ಚಿದ ಕಲ್ಲು ಸರಿಸಿ, ಪೆಟ್ಟಿಗೆಯನ್ನು ಹೊರಗೆಳೆದಳು. ತನ್ನ ಚೀಲದಿಂದ ತನ್ನ ಮುದ್ರೆ ತೆಗೆದಳು. ಅದು ಒಂದು ಹೊಲಿಗೆಯಂತ್ರ.

“ಅವನು ಖಂಡಿತ ಹೂಂ ಅಂತಿದ್ದ ರೋವಿ,” ಅಂದಳು, ಮುದ್ರೆಗೆ ಶಾಯಿ ಹಚ್ಚುತ್ತಾ.

“ಗೊತ್ತು.”

“ಹಟಮಾರಿ ಮುಂಡೇದು.”

ಖಾಲಿ ಹಾಳೆಯೊಂದರಲ್ಲಿ ಹೊಸ ಜಾಗದ ಮೊದಲ ಮುದ್ರೆಯಾಗಿ ಹೊಲಿಗೆಯಂತ್ರವನ್ನು ಒತ್ತಿ, ಮಳೆಯ ಮೊದಲ ಹನಿ ಬೀಳದಂತೆ ಪುಸ್ತಕದ ಮೇಲೆ ಬಾಗಿ ಊದಿ ಊದಿ ಒಣಗಿಸತೊಡಗಿದಳು. ರೊವೀನಾ ತನ್ನ ಮಳೆಯಂಗಿ ಬಿಚ್ಚಿ, ಗೆಳತಿಯ ಮತ್ತು ಪುಸ್ತಕದ ಮೇಲೆ ಚಪ್ಪರದ ಹಾಗೆ ಹಿಡಿದು ನಿಂತಳು. ಮಳೆ ಅವಳ ಕತ್ತಿನಿಂದ ಬೆನ್ನಿಗೆ ಇಳಿಯುತ್ತಿತ್ತು. ಇಳಿಯಲಿ ಎಂದು ಬಿಟ್ಟಳು.